ಎರಡನೆಯ ಸಲ ಬರುವ ಗಿರಾಕಿ

ಹಬ್ಬದ ಹಿಂದಿನ ವಾರ ಯಾವ ಊರಿನ ಪೇಟೆಬೀದಿಗಾದರೂ ಒಮ್ಮೆ ಹೋಗಿ ನೋಡಿ. ಒಂದೇ ಸಾಲಿನಲ್ಲಿ ನಾಲ್ಕು ಜವಳಿ ಅಂಗಡಿಗಳಿರುತ್ತವೆ. ನಾಲ್ಕರಲ್ಲಿಯೂ ಸಿಕ್ಕುವ ಸೀರೆ ಹೆಚ್ಚುಕಡಿಮೆ ಒಂದೇ. ಬೆಲೆಯಲ್ಲಿಯೂ ಹೇಳಿಕೊಳ್ಳುವಂಥ ಅಂತರವಿರುವುದಿಲ್ಲ. ಆದರೂ ಒಂದು ಅಂಗಡಿಯ ಮೆಟ್ಟಿಲ ಬಳಿ ಚಪ್ಪಲಿ ಬಿಡಲು ಜಾಗವಿಲ್ಲ. ಪಕ್ಕದ ಅಂಗಡಿಯ ಗುಮಾಸ್ತನು ಬಾಗಿಲಲ್ಲಿ ನಿಂತು, “ಬನ್ನಿ ಅಮ್ಮಾ, ಒಳಗೆ ಬಂದು ನೋಡಿ” ಎಂದು ಹಾದುಹೋಗುವವರನ್ನೆಲ್ಲ ಕರೆಯುತ್ತಿರುತ್ತಾನೆ. ಹೀಗೇಕೆ ಎಂದು ಕೇಳಿದರೆ, “ಅದು ಅವರ ಕೈಗುಣ” ಎನ್ನುವವರುಂಟು. “ಅಲ್ಲಿಯ ಹುಡುಗರಿಗೆ ಮಾತು ಚೆನ್ನಾಗಿ ಬರುತ್ತದೆ” ಎನ್ನುವವರೂ ಉಂಟು.

ಮೂವತ್ತು ವರ್ಷಕ್ಕೂ ಮೀರಿ ಅಂಗಡಿಯ ಗಾದಿಯ ಮೇಲೆ ಕುಳಿತು, ಸೀರೆ ಬಿಚ್ಚಿ, ಸೀರೆ ಮಡಿಸಿ ಬದುಕಿದವನು ನಾನು. ಕೈಗುಣವನ್ನು ನಾನು ಕಂಡದ್ದು ಕಡಿಮೆ. ಮಾತು ಚೆನ್ನಾಗಿ ಬಂದೇ ಕೆಟ್ಟವರನ್ನು ಮಾತ್ರ ಹಲವರನ್ನು ಕಂಡಿದ್ದೇನೆ. ಒಂದು ಸಲ ನಾನೇ ಕೆಟ್ಟಿದ್ದೇನೆ. ಆ ಕಥೆಯನ್ನೂ ಅದರಿಂದ ಕಲಿತ ನಾಲ್ಕಾರು ಅಭ್ಯಾಸಗಳನ್ನೂ ನಿಮ್ಮ ಮುಂದಿಡಬೇಕೆಂದು ನನ್ನ ಆಸೆ.

ಇದು ವ್ಯಾಪಾರಿಗಳ ಮಾತು, ನಮಗೇಕೆ ಎಂದು ರೇಡಿಯೋದ ಕಿವಿ ಹಿಂಡಬೇಡಿ. ಇಂದು ಓದು ಮುಗಿಸಿದ ಎಷ್ಟೋ ಹುಡುಗರಿಗೆ, ಹುಡುಗಿಯರಿಗೆ ಮೊದಲು ದೊರೆಯುವ ಉದ್ಯೋಗ ಮಾರಾಟದ್ದೇ. ಔಷಧ, ವಿಮೆ, ಬ್ಯಾಂಕಿನ ಸಾಲ, ಮೊಬೈಲು, ಮೋಟಾರು ಸೈಕಲ್ಲು, ಏನೇ ಆಗಲಿ, ತಯಾರಿಸುವವರೊಬ್ಬರಾದರೆ ಮಾರುವವರು ಹತ್ತು ಮಂದಿ ಬೇಕು. ಮನೆಯ ಹಿರಿಯರಿಗೆ ಈ ಕೆಲಸ ಅಷ್ಟಾಗಿ ಸೇರದು. “ಮಗ ಏನು ಮಾಡುತ್ತಿದ್ದಾನೆ?” ಎಂದು ಯಾರಾದರೂ ಕೇಳಿದರೆ, “ಯಾವುದೋ ಕಂಪನಿಯಲ್ಲಿದ್ದಾನೆ” ಎಂದು ಮಾತು ತೇಲಿಸುವ ತಂದೆತಾಯಿಗಳನ್ನು ನಾನು ಬಲ್ಲೆ. ಮಾರುವುದೆಂದರೆ ಒಂದೋ ಹಲ್ಲುಗಿಂಜುವುದು, ಇಲ್ಲವೆ ಟೋಪಿ ಹಾಕುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಎರಡೂ ಅಲ್ಲದ ಮೂರನೆಯ ದಾರಿಯೊಂದುಂಟು. ಬಾಳಿಕೆ ಬರುವುದು ಅದೊಂದೇ.

ನಾನು ಅಂಗಡಿಗೆ ಸೇರಿದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಸೇರಿದ ಆರು ತಿಂಗಳಿಗೆ ಮದುವೆಯ ಕಾಲ ಬಂತು. ಒಂದು ಮಧ್ಯಾಹ್ನ ಹಳ್ಳಿಯಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಧಾರೆಗೆ ಉಡುವ ಸೀರೆ ಬೇಕಾಗಿತ್ತು. ಹತ್ತು ಹದಿನೈದು ಸೀರೆ ಬಿಚ್ಚಿ ಹರಡಿದೆ. ಹುಡುಗಿಯ ಕಣ್ಣು ಒಂದು ಕೆಂಪು ಸೀರೆಯ ಮೇಲೆ ನಿಂತಿತು. ತಾಯಿ ಅದರ ಸೆರಗನ್ನು ಬೆರಳಿನಲ್ಲಿ ಹೊಸಕಿ ನೋಡಿ, “ರೇಷ್ಮೇನೇ ಏನಪ್ಪಾ ಇದು?” ಎಂದು ಕೇಳಿದರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. “ಹೊಳಪು ನೋಡ್ರಮ್ಮಾ, ನಿಮ್ಮ ಮಗಳಿಗೆ ಹೆಂಗೆ ಒಪ್ಪುತ್ತೆ!” ಎಂದೆ. ತಾಯಿ ಎಲೆಯಡಿಕೆಯ ಚೀಲದಿಂದ ನೋಟುಗಳನ್ನು ತೆಗೆದು, ಎರಡು ಸಲ ಎಣಿಸಿ ಕೊಟ್ಟರು. ಅದು ನನ್ನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚಿನ ಮೊತ್ತ. ಆ ದಿನ ಅಂಗಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾರಿದವನು ನಾನೇ. ರಾತ್ರಿ ಬಾಗಿಲು ಹಾಕುವಾಗ ಬೆನ್ನು ತಟ್ಟಿಸಿಕೊಂಡು ಮನೆಗೆ ಹೋದೆ.

ಮದುವೆ ಕಳೆದು ಎರಡು ತಿಂಗಳಿಗೆ ಆ ತಾಯಿ ಒಬ್ಬರೇ ಬಂದರು. ಸೀರೆಯನ್ನು ಹಳೆಯ ಪಂಚೆಯೊಂದರಲ್ಲಿ ಸುತ್ತಿ ತಂದಿದ್ದರು. ಅದು ರೇಷ್ಮೆಯಲ್ಲವೆಂದು ಬೀಗರ ಮನೆಯಲ್ಲಿ ಯಾರೋ ಗುರುತಿಸಿ, ನಾಲ್ಕು ಜನರ ಮುಂದೆ ಆಡಿದ್ದರಂತೆ. ಅವರು ಕೂಗಾಡಲಿಲ್ಲ. “ಕೇಳಿದ್ನಲ್ಲಪ್ಪಾ ನಿನ್ನ, ರೇಷ್ಮೇನಾ ಅಂತ” ಎಂದರು, ಅಷ್ಟೆ. ನಮ್ಮ ಹಿರಿಯ ಗುಮಾಸ್ತರು ಎದ್ದು ಬಂದು, ಬೇರೆ ಸೀರೆ ಕೊಡಿಸುತ್ತೇವೆಂದು ಹೇಳಿದರು. “ಮದುವೆ ಮುಗೀತಲ್ಲ ಸ್ವಾಮಿ” ಎಂದು ಆಕೆ ಸೀರೆಯನ್ನು ಮತ್ತೆ ಪಂಚೆಯಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದು ಹೋದರು.

ಸಂಜೆ ಜನ ಕಡಿಮೆಯಾದ ಮೇಲೆ ಹಿರಿಯ ಗುಮಾಸ್ತರು ನನ್ನನ್ನು ಅಂಗಡಿಯ ಹಿಂಬದಿಗೆ ಕರೆದರು. ಅವರ ಕೈಯಲ್ಲಿ ಎರಡು ಎಳೆ ದಾರವಿತ್ತು. ಬೆಂಕಿಕಡ್ಡಿ ಗೀರಿ ಒಂದಕ್ಕೆ ತಾಗಿಸಿದರು. ಕೂದಲು ಸುಟ್ಟ ವಾಸನೆ ಬಂತು. ಉಳಿದ ಕಪ್ಪು ಬೂದಿ ಬೆರಳಿನಲ್ಲಿ ಹೊಸಕಿದರೆ ಪುಡಿಯಾಯಿತು. ಇನ್ನೊಂದಕ್ಕೆ ತಾಗಿಸಿದರು. ಕಾಗದ ಸುಟ್ಟ ವಾಸನೆ ಬಂತು. “ಮೊದಲನೆಯದು ರೇಷ್ಮೆ, ಹುಳು ನೂತದ್ದು. ಎರಡನೆಯದು ರೇಯಾನು, ಮರದ ತಿರುಳಿನಿಂದ ಮಾಡಿದ್ದು. ನೀನು ಮಾರಿದ್ದು ಎರಡನೆಯ ಜಾತಿ. ನಿನಗೆ ಗೊತ್ತಿತ್ತೋ ಇಲ್ಲವೋ?” ಎಂದು ಕೇಳಿದರು. “ಗೊತ್ತಿರಲಿಲ್ಲ” ಎಂದೆ. ಅದು ನಿಜವೇ. ಆದರೆ ಆ ರಾತ್ರಿ ನಿದ್ದೆ ಬಾರದೆ ಹೊರಳಾಡುತ್ತಿದ್ದಾಗ ಇನ್ನೊಂದು ನಿಜವೂ ಹೊಳೆಯಿತು: ಗೊತ್ತುಮಾಡಿಕೊಂಡರೆ ಮಾರುವುದಕ್ಕೆ ತೊಡಕಾದೀತೆಂದೇ ನಾನು ಗೊತ್ತುಮಾಡಿಕೊಂಡಿರಲಿಲ್ಲ.

ಆದ್ದರಿಂದ ಮಾರುವವನ ಮೊದಲ ಅಭ್ಯಾಸ, ತನ್ನ ಸರಕನ್ನು ತಾನು ಚೆನ್ನಾಗಿ ತಿಳಿದುಕೊಳ್ಳುವುದು. ಇದರಲ್ಲಿ ಸೋಮಾರಿತನವೂ ಒಂದು ಬಗೆಯ ಸುಳ್ಳೇ. ಮರುದಿನದಿಂದ ನಾನು ಕೇಳುತ್ತ ಹೋದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೂ ಸೆರಗಿನ ಹಾಸೂ ಬೇರೆ ಬೇರೆ. ಎರಡನ್ನೂ ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ಹೀಗಾಗಿ ಮಗ್ಗದ ಮೇಲೆ ಒಂದು ಸೀರೆಗಾಗುವಷ್ಟೇ ಹಾಸನ್ನು ಹೂಡಬೇಕಾಗುತ್ತದೆ. ಇದನ್ನು ತಿಳಿದವನು ಆ ಸೀರೆಯ ಬೆಲೆಯನ್ನು ಸಮರ್ಥಿಸಲು ಗಂಟಲು ಹರಿದುಕೊಳ್ಳಬೇಕಾಗಿಲ್ಲ. ಸೆರಗಿನ ಮೂಲೆಯನ್ನು ತಿರುವಿ ಆ ಕೊಂಡಿಯ ಸಾಲನ್ನು ತೋರಿಸಿದರೆ ಸಾಕು, ಸೀರೆಯೇ ಮಾತನಾಡುತ್ತದೆ. ಮೈಸೂರಿನ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಿಂದ ನಡೆದುಬಂದದ್ದು. ಅಲ್ಲಿಯ ಸೀರೆಗೆ ಜನ ಸಾಲುಗಟ್ಟಿ ನಿಲ್ಲುವುದು ಹೊಳಪಿಗೆ ಮಾತ್ರವಲ್ಲ, ಅಪ್ಪಟವೆಂಬ ನಂಬಿಕೆಗೆ. 2004ರಲ್ಲಿ ಕೇಂದ್ರ ರೇಷ್ಮೆ ಮಂಡಳಿಯು ಶುದ್ಧ ರೇಷ್ಮೆಗೆ ‘ಸಿಲ್ಕ್ ಮಾರ್ಕ್’ ಎಂಬ ಗುರುತು ಚೀಟಿಯನ್ನು ಜಾರಿಗೆ ತಂದಿತು. ಬೆಂಕಿಕಡ್ಡಿ ಗೀರಲಾರದ ಗಿರಾಕಿಗೆ ಅದು ದೊಡ್ಡ ಆಸರೆ. ಇನ್ನು ಕೃತಕ ರೇಷ್ಮೆಯನ್ನು ಮಾರುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಕಡಿಮೆ ಬೆಲೆಗೆ ಅಂದವಾದ ಬಟ್ಟೆ ಯಾರಿಗೆ ಬೇಡ? ಅದನ್ನು ಅದರ ಹೆಸರಿನಿಂದಲೇ ಮಾರಬೇಕು, ಅಷ್ಟೇ ಮಾತು. ‘ಹಾಲಿನ ದುಡ್ಡು ಹಾಲಿಗೆ, ನೀರಿನ ದುಡ್ಡು ನೀರಿಗೆ’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಎರಡನೆಯದು ಕೇಳುವ ಅಭ್ಯಾಸ. ಮಾರುವವನಿಗೆ ಬಾಯಿ ಮುಖ್ಯವೆಂದು ಲೋಕ ಭಾವಿಸಿದೆ. ನನ್ನ ಅನುಭವದಲ್ಲಿ ಕಿವಿಯೇ ಮುಖ್ಯ. ‘ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು’ ಎಂಬ ಗಾದೆ ಅಂಗಡಿಗೂ ಸಲ್ಲುತ್ತದೆ. ಗಿರಾಕಿ ಕುಳಿತ ಕೂಡಲೆ ಗಂಟು ಬಿಚ್ಚುವವನು ಅವಸರದ ಗುಮಾಸ್ತ. ಬಲ್ಲವನು ಮೊದಲು ಕುಡಿಯಲು ನೀರು ಕೊಟ್ಟು ಮೂರು ವಿಷಯ ತಿಳಿದುಕೊಳ್ಳುತ್ತಾನೆ: ಯಾರಿಗೆ, ಯಾವಾಗ ಉಡುವುದಕ್ಕೆ, ಎಷ್ಟರೊಳಗೆ. ಮೊದಲೆರಡನ್ನು ಬಾಯಿಬಿಟ್ಟು ಕೇಳಬಹುದು. ಮೂರನೆಯದನ್ನು ಹಾಗೆ ಕೇಳಿದರೆ ಬಡವರಿಗೆ ನೋವಾಗುತ್ತದೆ, ಬಲ್ಲಿದರಿಗೆ ಕೋಪ ಬರುತ್ತದೆ. ಅದಕ್ಕೆ ಉಪಾಯವುಂಟು. ನಡುಬೆಲೆಯ ಸೀರೆಯೊಂದನ್ನು ಮೊದಲು ಮುಂದಿಡಬೇಕು. ಗಿರಾಕಿ ಅದನ್ನು ಮುಟ್ಟಿ ನೋಡಿ ಬೆಲೆ ಕೇಳಿದ ಮೇಲೆ, ಕೈ ಅಲ್ಲಿಯೇ ನಿಂತಿತೋ ಹಿಂದಕ್ಕೆ ಸರಿಯಿತೋ ಎಂಬುದನ್ನು ಗಮನಿಸಿದರೆ ಉತ್ತರ ಸಿಕ್ಕುತ್ತದೆ.

ಹೀಗೆ ಕೇಳಿಸಿಕೊಂಡವನಿಗೆ ಒಂದೊಂದು ಸಲ “ಇದು ನಿಮಗೆ ಬೇಡ” ಎಂದು ಹೇಳಬೇಕಾದ ಸಂದರ್ಭವೂ ಬರುತ್ತದೆ. ಒಬ್ಬ ಶಾಲಾ ಉಪಾಧ್ಯಾಯಿನಿಯವರು ದಿನವೂ ಉಡುವುದಕ್ಕೆಂದು ಬಂದು, ಜರಿಯಂಚಿನ ದುಬಾರಿ ಸೀರೆಗೆ ಮನಸೋತಿದ್ದರು. “ಮೇಡಂ, ದಿನಾ ಒಗೆಯೋದಕ್ಕೆ ಇದು ತಡೆಯೋಲ್ಲ. ಇದರ ದುಡ್ಡಿಗೆ ಹತ್ತಿಯ ಸೀರೆ ಮೂರು ಬರುತ್ತವೆ, ನೋಡಿ” ಎಂದೆ. ಆ ದಿನದ ಲೆಕ್ಕದಲ್ಲಿ ನನಗೆ ನಷ್ಟವೆಂದೇ ಹೇಳಬೇಕು. ಯುಗಾದಿಗೆ ಅವರು ಮತ್ತೆ ಬಂದರು. ಜೊತೆಯಲ್ಲಿ ಅದೇ ಶಾಲೆಯ ಇನ್ನಿಬ್ಬರಿದ್ದರು. ಮೊದಲನೆಯ ಸಲ ಗಿರಾಕಿಯನ್ನು ಕರೆತರುವುದು ಬೀದಿಯ ದೀಪ, ಬೊಂಬೆಗೆ ಉಡಿಸಿದ ಸೀರೆ, ಪತ್ರಿಕೆಯ ಜಾಹೀರಾತು. ಎರಡನೆಯ ಸಲ ಕರೆತರುವುದು ನಮ್ಮ ನಡತೆಯೊಂದೇ. ನಾನು ಮಾರಾಟ ಮಾಡಿದೆನೋ ಇಲ್ಲವೋ ಎಂಬುದು ಆ ಎರಡನೆಯ ಸಲವೇ ಗೊತ್ತಾಗುವುದು.

ಮೂರನೆಯ ಅಭ್ಯಾಸ ಇನ್ನೂ ಕಷ್ಟದ್ದು. ಅದು ‘ಬೇಡ’ ಎಂಬ ಮಾತನ್ನು ತಾಳಿಕೊಳ್ಳುವುದು. ನಲವತ್ತು ಸೀರೆ ಬಿಚ್ಚಿಸಿ, “ಯಾಕೋ ಮನಸ್ಸಿಗೆ ಬರಲಿಲ್ಲ” ಎಂದು ಎದ್ದು ಹೋಗುವವರಿದ್ದಾರೆ. ಆಗ ಮುಖ ಗಂಟಿಕ್ಕದೆ ಆ ನಲವತ್ತನ್ನೂ ಮಡಿಸುವುದಿದೆಯಲ್ಲ, ಅದು ಒಂದು ತಪಸ್ಸು. ಬೇಡವೆಂದದ್ದು ಸೀರೆಯನ್ನು, ನನ್ನನ್ನಲ್ಲ ಎಂದು ತಿಳಿದವನಿಗೆ ಅದು ಸಾಧ್ಯ. ಹಾಗೆ ತಿಳಿಯದವನು ಆ ಸಿಟ್ಟನ್ನು ಮುಂದೆ ಬಂದ ಗಿರಾಕಿಯ ಮೇಲೆ ತೀರಿಸುತ್ತಾನೆ. ಒಬ್ಬರು ಹೋದದ್ದಕ್ಕೆ ಇಬ್ಬರನ್ನು ಕಳೆದುಕೊಳ್ಳುತ್ತಾನೆ.

ಅಂಗಡಿಯಲ್ಲಿ ಕುಳಿತವನ ಬಳಿಗೆ ಗಿರಾಕಿ ತಾನಾಗಿಯೇ ಬರುತ್ತಾನೆ. ಸರಕನ್ನು ಹೊತ್ತು ಊರೂರು ತಿರುಗುವವನಿಗೆ ‘ಬೇಡ’ ಎಂಬುದು ದಿನನಿತ್ಯದ ಊಟ. ಈ ಸಾಲಿನಲ್ಲಿ ನನಗೆ ಮೊದಲು ನೆನಪಿಗೆ ಬರುವವರು ಕನ್ನಡ ಕಾದಂಬರಿಯ ಪಿತಾಮಹರೆನಿಸಿದ ಗಳಗನಾಥರು. ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ಹೆಸರು; ಬದುಕಿದ್ದು 1869ರಿಂದ 1942ರವರೆಗೆ. ಉತ್ತರ ಕರ್ನಾಟಕದಲ್ಲಿ ಮರಾಠಿಯ ಪ್ರಭಾವ ದಟ್ಟವಾಗಿದ್ದ ಕಾಲವದು. ಕನ್ನಡ ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳುವವರು ವಿರಳ. ಅವರು ತಾವು ಬರೆದ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರಿಗೆ ಹೋಗಿ ಮಾರಿದರು. ಇಷ್ಟು ದೊಡ್ಡ ಲೇಖಕನಿಗೆ ಹೊರೆ ಹೊರುವ ಗತಿ ಬಂತಲ್ಲಾ ಎಂದು ಮರುಗುವವರಿದ್ದಾರೆ. ಮಾರುವ ಕಸುಬಿನವನಾದ ನನಗೆ ಅದರಲ್ಲಿ ಬೇರೆಯೇ ಒಂದು ಹಿರಿಮೆ ಕಾಣುತ್ತದೆ. ತನ್ನ ಸರಕು ಆ ಮನೆಗೆ ಬೇಕಾದದ್ದು ಎಂಬ ನಂಬಿಕೆ ಇದ್ದವನು ಬಾಗಿಲು ತಟ್ಟಲು ನಾಚುವುದಿಲ್ಲ. ನಾಚಿಕೆಯಾಗುವುದಾದರೆ ಒಂದೋ ಸರಕಿನಲ್ಲಿ ದೋಷವಿದೆ, ಇಲ್ಲವೆ ನಮ್ಮ ನಂಬಿಕೆಯಲ್ಲಿ.

ಗಳಗನಾಥರ ಕಾಲದಲ್ಲಿಯೇ, 1933ರಲ್ಲಿ, ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಅಲ್ಲಿಯ ಕ್ರಮ ಚಂದಾದಾರರನ್ನು ಕೂಡಿಸುವುದು. ಅಂದರೆ ಪುಸ್ತಕ ಕೈಗೆ ಬರುವುದಕ್ಕೆ ಮುಂಚೆಯೇ ಓದುಗರು ಹಣ ಕೊಡಬೇಕು. ಇದರ ಇಕ್ಕಟ್ಟನ್ನು ಸ್ವಲ್ಪ ಯೋಚಿಸಿ. ಮೊದಲನೆಯ ವರ್ಷದ ಚಂದಾವನ್ನು ದಾಕ್ಷಿಣ್ಯಕ್ಕೆ ಕೊಟ್ಟಾರು. ಎರಡನೆಯ ವರ್ಷ ಕೊಡಬೇಕಾದರೆ ಪುಸ್ತಕ ಚೆನ್ನಾಗಿರಬೇಕು, ಹೇಳಿದ್ದು ಕೈಸೇರಿರಬೇಕು. ಆ ಮಾಲೆ ದಶಕಗಳ ಕಾಲ ನಡೆದುಬಂತೆಂದರೆ, ಎರಡನೆಯ ಸಲ ಚಂದಾ ಕೊಟ್ಟವರಿಂದಲೇ ನಡೆದುಬಂತು.

ಇನ್ನು ವಿಮಾ ಏಜೆಂಟರ ವಿಷಯ. ಅವರು ದೂರದಲ್ಲಿ ಕಂಡರೆ ಸಾಕು, ಮನೆಯ ಯಜಮಾನರು ಹಿತ್ತಿಲ ಬಾಗಿಲಿನಿಂದ ಮಾಯವಾಗುತ್ತಾರೆಂದು ಎಷ್ಟೋ ಹಾಸ್ಯದ ಮಾತುಗಳಿವೆ. 1956ರ ಸೆಪ್ಟೆಂಬರ್ 1ರಂದು, 245 ಕಂಪನಿಗಳೂ ಸಂಘಗಳೂ ಒಂದಾಗಿ ಜೀವ ವಿಮಾ ನಿಗಮ ಹುಟ್ಟಿದ ಮೇಲೆ ಈ ಏಜೆಂಟರು ಸಣ್ಣಪುಟ್ಟ ಊರುಗಳಿಗೂ ಕಾಲಿಟ್ಟರು. ಇವರ ಸರಕನ್ನು ಮುಟ್ಟಿ ನೋಡುವಂತಿಲ್ಲ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವಂತಿಲ್ಲ. ಅದು ಅಸಲಿಯೋ ನಕಲಿಯೋ ಎಂದು ತಿಳಿಯುವ ದಿನ, ಕೊಂಡವನು ಬದುಕಿರುವುದೇ ಇಲ್ಲ. ಆದ್ದರಿಂದ ಇಲ್ಲಿ ಮಾರುವವನ ಹೊಣೆ ಇನ್ನೂ ಭಾರವಾದದ್ದು.

“ಸಕ್ಕರೆ ಕಾಯಿಲೆ ಇದೆಯೆಂದು ಅರ್ಜಿಯಲ್ಲಿ ಬರೆಯಬೇಡಿ, ಸುಮ್ಮನೆ ತೊಂದರೆ” ಎಂದು ಕಿವಿಯಲ್ಲಿ ಹೇಳುವ ಏಜೆಂಟನು ಅಂದಿನ ಮಟ್ಟಿಗೆ ನಿಮ್ಮ ಸ್ನೇಹಿತನಂತೆ ಕಾಣುತ್ತಾನೆ. 2015ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ, ಮೊದಲ ಮೂರು ವರ್ಷಗಳೊಳಗೆ ಇಂಥ ಮುಚ್ಚುಮರೆ ಹೊರಬಿದ್ದರೆ ಪಾಲಿಸಿಯನ್ನೇ ಪ್ರಶ್ನಿಸಬಹುದು. ಆಗ ಬರಿಗೈಯಲ್ಲಿ ನಿಲ್ಲುವವರು ಹೆಂಡತಿ ಮಕ್ಕಳು. “ಮೊದಲ ಕಂತಿನಲ್ಲಿ ನನ್ನ ಕಮಿಷನ್ನನ್ನು ನಿಮಗೇ ಬಿಟ್ಟುಕೊಡುತ್ತೇನೆ” ಎನ್ನುವವನೂ ಅಷ್ಟೆ. 1938ರ ವಿಮಾ ಕಾಯಿದೆಯೇ ಅಂಥ ರಿಯಾಯಿತಿಯನ್ನು ನಿಷೇಧಿಸಿದೆ. ತನ್ನ ದುಡಿಮೆಯ ಬೆಲೆಯನ್ನು ತಾನೇ ಬಿಟ್ಟುಕೊಟ್ಟವನಿಗೆ ಮುಂದೆ ನಿಮ್ಮ ಮನೆಗೆ ಬರಲು ಕಾರಣವೇನು ಉಳಿಯಿತು?

ನಾನು ಕಂಡ ಒಳ್ಳೆಯ ಏಜೆಂಟರೆಲ್ಲರ ಕೈಯಲ್ಲಿಯೂ ಒಂದು ಪುಸ್ತಕವಿರುತ್ತಿತ್ತು. ಯಾರ ಕಂತು ಯಾವ ತಿಂಗಳು, ಯಾರು ವಿಳಾಸ ಬದಲಾಯಿಸಿದ್ದಾರೆ, ಯಾರ ಪಾಲಿಸಿಯಲ್ಲಿ ನಾಮಿನಿಯ ಹೆಸರನ್ನು ಬದಲಿಸಬೇಕು ಎಂಬುದೆಲ್ಲ ಅದರಲ್ಲಿ ಬರೆದಿರುತ್ತಿತ್ತು. ವರ್ಷದ ಕಂತಿಗಾದರೆ ಮೂವತ್ತು ದಿನ, ತಿಂಗಳ ಕಂತಿಗಾದರೆ ಹದಿನೈದು ದಿನ ರಿಯಾಯಿತಿ ಗಡುವು ಇರುತ್ತದೆ. ಅದು ಮುಗಿಯುವ ಮುನ್ನ ಬಂದು, “ಸ್ವಾಮಿ, ಕಂತು ಮರೆತಿದ್ದೀರಿ” ಎಂದು ನೆನಪಿಸುವವನೇ ನಿಜವಾದ ಏಜೆಂಟ. ಮಾರಿದ ಮೇಲೆ ಹೋಗಿ ವಿಚಾರಿಸುವ ಈ ಅಭ್ಯಾಸವನ್ನು ನಾನೂ ಅವರಿಂದ ಕಲಿತೆ. ಮದುವೆಯ ಜವಳಿ ಕೊಂಡವರ ಹೆಸರು, ಊರು, ಮದುವೆಯ ದಿನ, ಹೊಲಿಗೆಗೆ ಕೊಟ್ಟ ಗಡುವು ಇಷ್ಟನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದೆ. ನೆನಪನ್ನು ನಂಬಿ ಮಾತು ಕೊಡುವವನು ಮಾತು ತಪ್ಪುತ್ತಾನೆ. ಬರೆದಿಟ್ಟವನು ಉಳಿದುಕೊಳ್ಳುತ್ತಾನೆ.

ಈಗ ನಿಮ್ಮ ಮನೆಯ ಹುಡುಗ ಹುಡುಗಿಯರ ವಿಷಯಕ್ಕೆ ಬರೋಣ. ತಿಂಗಳಿಗೆ ಇಂತಿಷ್ಟು ಮಾರಬೇಕೆಂಬ ಗುರಿಯನ್ನು ಅವರ ತಲೆಯ ಮೇಲೆ ಹೊರಿಸಿರುತ್ತಾರೆ. ಮನುಷ್ಯ ಜಾರುವುದು ತಿಂಗಳ ಕೊನೆಯ ಮೂರು ದಿನಗಳಲ್ಲಿ. ಬೇಡದವರಿಗೆ ಬೇಡದ್ದನ್ನು ಅಂಟಿಸುವ ಬುದ್ಧಿ ಆಗ ಬರುತ್ತದೆ. ಇದಕ್ಕೆ ನನಗೆ ತಿಳಿದ ಮದ್ದು ಒಂದೇ. ಗಿರಾಕಿ ಕೊಳ್ಳುವುದು ನಮ್ಮ ಕೈಯಲ್ಲಿಲ್ಲ. ಗಿರಾಕಿಯನ್ನು ಕಾಣುವುದು ನಮ್ಮ ಕೈಯಲ್ಲಿದೆ. ಇಂದು ಎಷ್ಟು ಜನರನ್ನು ಕಂಡೆ, ಎಷ್ಟು ಹಳೆಯ ಗಿರಾಕಿಗಳನ್ನು ವಿಚಾರಿಸಿದೆ, ಸರಕಿನ ಬಗ್ಗೆ ಹೊಸದಾಗಿ ಏನು ತಿಳಿದುಕೊಂಡೆ ಎಂಬ ಮೂರು ಲೆಕ್ಕವನ್ನು ದಿನವೂ ಬರೆಯುವವನಿಗೆ ಆ ಕೊನೆಯ ಮೂರು ದಿನಗಳ ಭಯ ಅರ್ಧದಷ್ಟು ಕಡಿಮೆಯಾಗುತ್ತದೆ. ಹಿರಿಯರೂ ಒಂದು ಉಪಕಾರ ಮಾಡಬಹುದು. ಸಂಜೆ ಮಗ ಬಾಗಿಲಿಗೆ ಬಂದೊಡನೆ, “ಇವತ್ತು ಎಷ್ಟು ಮಾರಿದೆ?” ಎಂದು ಕೇಳುವ ಬದಲು, “ಹಳಬರು ಯಾರಾದರೂ ಮತ್ತೆ ಬಂದರೇನಪ್ಪಾ?” ಎಂದು ಕೇಳಿ ನೋಡಿ. ಅವನು ಎರಡು ದಿನ ಯೋಚಿಸುತ್ತಾನೆ.

ಕೊಳ್ಳುವ ನಮ್ಮ ಹೊಣೆಯೂ ಇದರಲ್ಲಿ ಇಲ್ಲದಿಲ್ಲ. ಇಂದು ಕುಳಿತ ಕಡೆಯಿಂದಲೇ ಮೊಬೈಲಿನಲ್ಲಿ ಸೀರೆ ತರಿಸಬಹುದು, ಒಪ್ಪದಿದ್ದರೆ ಹಿಂದಿರುಗಿಸಬಹುದು. ಅದು ಅನುಕೂಲವೇ, ನಾನು ಅದನ್ನು ಹಳಿಯುವುದಿಲ್ಲ. ಆದರೆ “ಇದು ನಿಮಗೆ ಬೇಡ” ಎಂದು ಹೇಳುವ ಮನುಷ್ಯನೊಬ್ಬ ನಿಮ್ಮ ಊರಿನ ಅಂಗಡಿಯಲ್ಲಿದ್ದರೆ, ಅವನ ಬಳಿ ಒಂದು ಗಂಟೆ ಕೇಳಿ ತಿಳಿದುಕೊಂಡು, ಹತ್ತು ರೂಪಾಯಿ ಅಗ್ಗವೆಂದು ಬೇರೆ ಕಡೆ ಕೊಳ್ಳಬೇಡಿ. ‘ಗಿರಾಕಿಯೇ ದೇವರು’ ಎಂದು ಅಂಗಡಿಯ ಗೋಡೆಯ ಮೇಲೆ ಬರೆದು, ಆ ದೇವರಿಗೆ ಬಾಡಿದ ಹೂವನ್ನೇ ಏರಿಸುವವರು ಬೇಕಾದಷ್ಟಿದ್ದಾರೆ. ನಿಜ ಹೇಳುವವನ ಅಂಗಡಿಗೆ ಮತ್ತೆ ಹೋಗುವುದರಿಂದಲೇ ನಿಜ ಹೇಳುವವರು ಊರಿನಲ್ಲಿ ಉಳಿಯುವುದು.

ಆ ತಾಯಿ ನಮ್ಮ ಅಂಗಡಿಗೆ ಮತ್ತೆ ಬರಲಿಲ್ಲ. ಆಕೆಗೆ ಇನ್ನೂ ಇಬ್ಬರು ಹೆಣ್ಣುಮಕ್ಕಳಿದ್ದರೆಂದು ಆಮೇಲೆ ಆ ಹಳ್ಳಿಯ ಕಡೆಯವರಿಂದ ತಿಳಿಯಿತು. ಆ ಎರಡು ಮದುವೆಗಳ ಜವಳಿಯನ್ನು ಅವರು ಎಲ್ಲಿ ಕೊಂಡರೋ! ಮಾರಿದ್ದಕ್ಕೆ, ಉದ್ದರಿ ಕೊಟ್ಟದ್ದಕ್ಕೆ, ಉಳಿದ ಸರಕಿಗೆ ಎಲ್ಲಕ್ಕೂ ನಮ್ಮ ಲೆಕ್ಕದ ಪುಸ್ತಕದಲ್ಲಿ ಒಂದೊಂದು ಅಂಕಣವಿತ್ತು. ಬಾರದೆ ಹೋದ ಗಿರಾಕಿಗೆ ಮಾತ್ರ ಇರಲಿಲ್ಲ. ಮದುವೆಯ ಕಾಲದಲ್ಲಿ ಯಾವ ತಾಯಿ ಮೆಟ್ಟಿಲು ಹತ್ತಿ ಬಂದರೂ ನಾನು ಒಂದು ಗಳಿಗೆ ಮುಖ ನೋಡುತ್ತಿದ್ದೆ. ಬೇರೆಯವರು. ಅವರು ಸೆರಗನ್ನು ಬೆರಳಿನಲ್ಲಿ ಹೊಸಕಿ ಕೇಳುವುದಕ್ಕೆ ಮುಂಚೆಯೇ ನಾನು ಹೇಳಿಬಿಡುತ್ತಿದ್ದೆ: “ಇದು ರೇಷ್ಮೆ ಅಲ್ಲಮ್ಮಾ. ರೇಷ್ಮೆ ಆ ಕಡೆ ಇದೆ, ತೋರಿಸುತ್ತೇನೆ ಬನ್ನಿ.”